ಕರಿ ನೀರು, ಕರಿ ಚಹಾ

ದೇವದುರ್ಗದ ನನ್ನ ತವರಿನ ಕಡೆ ಯಾರದಾದರೂ ಮದುವೆಯಾದರೆ, ನನ್ನನ್ನು ಹೊಸ ಬೀಗರಿಗೆ ಪರಿಚಯಿಸುವ ಹೊತ್ತಿಗೆ ಅವ್ವನ ನಾಲಿಗೆ ತಡವರಿಸುತ್ತದೆ. "ಆಕಿ ಗ್ಯಾಸ್ ಫ್ಯಾಕ್ಟರಿಯೊಳಗ ಅದಾಳ್ರಿ" ಎಂದು ಅಲ್ಲಿಗೇ ನಿಲ್ಲಿಸಿಬಿಡುತ್ತಾಳೆ. ಕೇಳಿದವರು ಸಿಲಿಂಡರ್ ಏಜೆನ್ಸಿ ಎಂದುಕೊಂಡು ನನಗೆ ತುಸು ಹೆಚ್ಚೇ ಮರ್ಯಾದೆ ಕೊಡುತ್ತಾರೆ. ತಮ್ಮ ಬುಕಿಂಗ್ ಬೇಗ ಮಾಡಿಸಿಕೊಡಲು ಆದೀತೇ ಎಂದು ಪಕ್ಕಕ್ಕೆ ಕರೆದು ಕೇಳಿದವರೂ ಉಂಟು. ನಿಜ ಹೇಳಿಬಿಟ್ಟರೆ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ಖಾಲಿ ಉಳಿಯುತ್ತದೆ. ರಾಯಚೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಬಂದ ಮಗಳು ಮಾಡುತ್ತಿರುವುದು ಹೊಲಸು ನೀರಿನ ಚಾಕರಿ ಎಂದು ಯಾವ ತಾಯಿ ಹೇಳಿಯಾಳು?

ಕಾರ್ಖಾನೆ ಇರುವುದು ಮಾನ್ವಿಯಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ, ಒಂದು ಹಳ್ಳದ ದಂಡೆಗೆ. ನಮ್ಮ ಸಾವುಕಾರರದು ಮೊದಲು ಅಕ್ಕಿ ಗಿರಣಿ. ಒಂದು ದಿನ ಯಾರೋ ಅವರ ಕಿವಿಯಲ್ಲಿ 'ಕಸದಿಂದ ರಸ' ಎಂದು ಊದಿದರು. ಆಮೇಲೆ ಜಾಲಹಳ್ಳಿ, ಅರಕೇರಾ ಕಡೆಯಿಂದ ಭತ್ತದ ಹುಲ್ಲು ಟ್ರ್ಯಾಕ್ಟರಿನಲ್ಲಿ ಬರತೊಡಗಿತು. ರಾಯಚೂರಿನ ಕಾಯಿಪಲ್ಲೆ ಮಾರುಕಟ್ಟೆಯ ಕೊಳೆತ ಟೊಮೆಟೊ, ಕೋಸಿನ ಎಲೆ ಬರತೊಡಗಿದವು. ಎಲ್ಲವನ್ನೂ ಸೆಗಣಿಯ ಜೊತೆ ದೊಡ್ಡ ಮುಚ್ಚಿದ ಗುಮ್ಮಟದಲ್ಲಿ ಕೊಳೆಸಿದರೆ ಗ್ಯಾಸ್ ಹುಟ್ಟುತ್ತದೆ, ಅದರಿಂದ ಗಾಡಿ ಓಡುತ್ತದೆ. ಗೇಟಿನ ಮೇಲಿನ ಬೋರ್ಡಿನಲ್ಲಿ ಇಷ್ಟು ಕಥೆ ಹಸಿರು ಅಕ್ಷರದಲ್ಲಿದೆ, ಎರಡು ಎಲೆಗಳ ಚಿತ್ರದ ಸಮೇತ. ಗ್ಯಾಸ್ ತೆಗೆದ ಮೇಲೆ ಉಳಿಯುವ ಕರಿ ನೀರಿನ ಸುದ್ದಿ ಬೋರ್ಡಿನಲ್ಲಿ ಇಲ್ಲ. ಅದು ನನ್ನ ಪಾಲಿನದು.

ಆ ನೀರಿಗೆ ಮೂರು ಟ್ಯಾಂಕು. ಮೊದಲನೆಯದರಲ್ಲಿ ಗಸಿ ತಳಕ್ಕೆ ಕೂರುತ್ತದೆ. ನಡುವಿನದರಲ್ಲಿ ಕೆಳಗಿನಿಂದ ಹಗಲೂ ರಾತ್ರಿ ಗಾಳಿ ಊದುತ್ತೇವೆ, ಅಲ್ಲಿ ಕಣ್ಣಿಗೆ ಕಾಣದ ಜೀವಿಗಳು ನೀರಿನ ಹೊಲಸನ್ನು ತಿಂದು ಬದುಕುತ್ತವೆ. ಮೂರನೆಯದರಲ್ಲಿ ತಿಳಿ ನೀರು ನಿಲ್ಲುತ್ತದೆ, ಅಲ್ಲಿಂದ ಒಂದು ವಾಲ್ವ್ ದಾಟಿ ಹಳ್ಳಕ್ಕೆ. ಪಂಪು ನೋಡಿಕೊಳ್ಳುವ ಭಾಯಿ ನಡುವಿನ ಟ್ಯಾಂಕಿನ ಜೀವಿಗಳನ್ನು 'ಹುಳ' ಎನ್ನುತ್ತಾರೆ. ನಾನು ಎರಡು ವರ್ಷ ತಿದ್ದಿದೆ, ಆಮೇಲೆ ನಾನೂ ಹುಳ ಎನ್ನತೊಡಗಿದೆ.

ನಡುವಿನ ಟ್ಯಾಂಕು ಮೊದಲ ಸಲ ತುಂಬಿದ ದಿನ ಸಾವುಕಾರರು ಅದಕ್ಕೆ ಬಾಗಿನ ಕೊಟ್ಟರು. ಸುಳ್ಳಲ್ಲ. ಕೆರೆ ತುಂಬಿದರೆ ಕೊಡುವುದಿಲ್ಲವೇ, ಹಾಗೆ: ಮೊರದಲ್ಲಿ ಹಸಿರು ಬಳೆ, ಕುಪ್ಪಸದ ಖಣ, ಅರಿಶಿನ, ಕುಂಕುಮ, ತೆಂಗಿನಕಾಯಿ. ಗಂಗಮ್ಮ ಎಲ್ಲಿದ್ದರೂ ಗಂಗಮ್ಮನೇ ಎಂದು ದೇವಸುಗೂರಿನಿಂದ ಕರೆಸಿದ ಸ್ವಾಮಿಗಳು ಮೂಗಿಗೆ ಶಲ್ಯ ಒತ್ತಿಕೊಂಡು ಹೇಳಿದರು. ಗಂಗಮ್ಮ ಗುಳುಗುಳು ಎಂದು ಒಂದು ಬಳೆಯನ್ನು ನುಂಗಿ ಪಂಪಿಗೆ ಸಿಕ್ಕಿಸಿದಳು. ಭಾಯಿ ಅದನ್ನು ಬಿಚ್ಚಿ ತೆಗೆಯಲು ಅರ್ಧ ದಿನ ಬೇಕಾಯಿತು.

ಕಾಂಪೌಂಡ್ ಗೋಡೆಯ ಆಚೆ, ಹಳ್ಳದ ದಂಡೆಯಲ್ಲೇ, ಐದು ಎಮ್ಮೆ ಕಟ್ಟಿಕೊಂಡ ಒಬ್ಬ ಯವ್ವನ ಮನೆ. ನಮ್ಮ ಚಹಾಕ್ಕೆ ಹಾಲು ಅವಳದೇ. ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಬರುವಳು. ಕಾರ್ಖಾನೆ ಶುರುವಾದ ಹೊಸದರಲ್ಲಿ ನನ್ನನ್ನು ಗೇಟಿನಲ್ಲೇ ತಡೆದು ಕೇಳಿದ್ದಳು: "ತಂಗಿ, ನೀವು ಬಿಡೋ ನೀರು ನನ್ನ ಎಮ್ಮಿ ಕುಡೀತಾವ. ಏನರ ಆದ್ರ ಯಾರನ್ನ ಕೇಳ್ಲಿ?"

"ನನ್ನ ಕೇಳು ಯವ್ವಾ," ಎಂದೆ. ಆಗ ನನಗೆ ಎದೆ ಬಡಿದುಕೊಂಡು ಮಾತಾಡುವ ಚಟವಿತ್ತು. "ನೀರು ಕೆಟ್ಟಿದ್ರ ಮೊದಲ ನಿನಗ ಹೇಳ್ತೀನಿ, ಆಮ್ಯಾಗ ಸಾವುಕಾರ್ರಿಗೆ."

"ಅಷ್ಟಾದ್ರ ಸಾಕು ಬೇ. ನನಗ ಬ್ಯಾರೆ ಏನು ತಿಳೀತದ?" ಎಂದಳು. ಆಕೆಯ ಬದುಕೆಂದರೆ ಆ ಐದು ಎಮ್ಮೆ. ಅಂದಿನಿಂದ ಆಕೆ ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದುದು ಒಂದೇ ಮಾತು, "ನಿಂದು ಊಟ ಆತೇನು? ನಿನ್ನ ಹುಳದ್ದು?" ನಾನು ಎರಡಕ್ಕೂ ಹೂಂ ಎನ್ನುತ್ತಿದ್ದೆ.

ಹುಳಗಳಿಗೆ ಊಟ ರೂಢಿ ಮಾಡಿಸಲು ನನಗೆ ನಾಲ್ಕು ತಿಂಗಳು ಹಿಡಿದಿತ್ತು. ಸೆಗಣಿ ಕದಡಿ, ಬೆಲ್ಲದ ನೀರು ಕುಡಿಸಿ, ಕರಿ ನೀರನ್ನು ಇಂದು ಒಂದು ಕೊಡ, ನಾಳೆ ಎರಡು ಕೊಡ ಎಂದು ಕೂಸಿಗೆ ಅನ್ನ ಕಲಿಸಿದ ಹಾಗೆ ಕಲಿಸಿದ್ದೆ. ಟ್ಯಾಂಕು ಆರೋಗ್ಯವಾಗಿದ್ದರೆ ಅದರ ಮೇಲೆ ಕಂದು ನೊರೆ ಇರುತ್ತದೆ, ಹತ್ತಿರ ನಿಂತರೆ ಮೊದಲ ಮಳೆ ಬಿದ್ದ ಎರೆಭೂಮಿಯ ವಾಸನೆ ಬರುತ್ತದೆ. ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಪುಟ್ಟ ಪುಟ್ಟ ಗಂಟೆಗಳಂಥ ಜೀವಿಗಳು ದಾರದ ತುದಿಯಲ್ಲಿ ಕುಣಿಯುತ್ತಿರುತ್ತವೆ. ಅವನ್ನು ನೋಡದೆ ನಾನು ಬೆಳಗಿನ ಚಹಾ ಕುಡಿಯುತ್ತಿರಲಿಲ್ಲ. ಮನೆಯಲ್ಲಿ ಗಂಡ, "ನನ್ನ ಮುಖಾ ಒಮ್ಮ್ಯಾದ್ರೂ ಇಷ್ಟು ಆಸ್ಥೆಯಿಂದ ನೋಡೀಯೇನು?" ಎಂದು ಕಾಡುತ್ತಿದ್ದ. ಮುಖ ನೋಡಿದರೆ ನೀರು ತಿಳಿಯಾಗುತ್ತದೆಯೇ?

ಹೀಗಿರುವಾಗ ಯಾರೋ ದೊಡ್ಡವರು ಕಾರ್ಖಾನೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಅವರು ಬರುವ ದಿನವೇ ನಾನು ನಮ್ಮ ನೀರಿನ ಪರೀಕ್ಷೆಯ ವರದಿ ತರಲು ರಾಯಚೂರಿಗೆ ಹೋಗಬೇಕಾಯಿತು. ನಮ್ಮ ಕಡೆ ದೊಡ್ಡವರು ಬರುತ್ತಾರೆಂದರೆ ಏನು ಮಾಡುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ವರ್ಷವಿಡೀ ಹಂದಿ ಹೊರಳಾಡಿದ ಚರಂಡಿಯ ಎರಡೂ ಬದಿಗೆ ಬೆಳ್ಳಗೆ ಬ್ಲೀಚಿಂಗ್ ಪೌಡರ್ ಗೆರೆ ಎಳೆಯುತ್ತಾರೆ. ಆ ಬಿಳಿ ಗೆರೆಯ ನಡುವೆ ನಡೆದ ದೊಡ್ಡವರಿಗೆ ಊರು ಸ್ವಚ್ಛವಾಗಿ ಕಾಣುತ್ತದೆ. ಅವರು ಹೋದ ಮೇಲೆ ಹಂದಿ ಗೆರೆ ದಾಟಿ ಬರುತ್ತದೆ. ನಮ್ಮ ಸಾವುಕಾರರು ಗೇಟಿನಿಂದ ಟ್ಯಾಂಕಿನವರೆಗೆ ಗೆರೆ ಎಳೆಸಿದರು. ಗೆರೆ ಮುಗಿದ ಮೇಲೂ ನಾಲ್ಕು ಚೀಲ ಉಳಿದವು.

ಆಮೇಲಿನದನ್ನು ನನಗೆ ಹೇಳಿದವರು ಭಾಯಿ, ಕಣ್ಣು ನೆಲಕ್ಕೆ ಹಾಕಿಕೊಂಡು. "ಸಾವುಕಾರ್ರು ಟ್ಯಾಂಕಿನ ಮ್ಯಾಲೆ ನಿಂತು, ಏನಲೇ ಈ ಕಂದು ಬುರುಗು, ಅಸಹ್ಯ ಕಾಣ್ತದ ಅಂದ್ರು ಮೇಡಂ. ಉಳಿದ ಪುಡಿ ಇದಕ್ಕ ಸುರೀರಿ, ಬೆಳ್ಳಗಾಗ್ಲಿ ಅಂದ್ರು. ಮೇಡಂ ಬರ್ಲಿ ಅಂದೆ ನಾ. ಸ್ವಚ್ಛ ಮಾಡಾಕ ಮೇಡಂ ಯಾಕ ಬೇಕು ಅಂದ್ರು."

"ನಾಲ್ಕೂ ಚೀಲಾನಾ?"

"ಮೂರೂವರಿ. ಅರ್ಧ ಪಾಯಖಾನಿಗೆ ಇಟ್ಟೀನಿ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಡ್ಡವರು ಬಂದರಂತೆ, ಶಾಲು ಹೊದ್ದರಂತೆ, ಟ್ಯಾಂಕು ನೋಡಿ ಬೆರಗಾದರಂತೆ. "ಇದನ್ನೆಲ್ಲ ಯಾರು ಶುದ್ಧ ಮಾಡ್ತಾರೆ?" ಎಂದು ಕೇಳಿದಾಗ ಸಾವುಕಾರರು ಎದೆಯುಬ್ಬಿಸಿ, "ಹುಳ ಸಾಹೇಬ್ರೇ, ಹುಳ! ಕೋಟಿಗಟ್ಟಲೆ ಅದಾವ ಇದರಾಗ" ಎಂದರಂತೆ. ಇದ್ದವು, ನಿಜ. ಒಂದೂ ಉಸಿರಾಡುತ್ತಿರಲಿಲ್ಲ. ನಾನು ಹಿಂದಿನ ವಾರ ಬಾಟಲಿಯಲ್ಲಿ ತೆಗೆದಿಟ್ಟಿದ್ದ ತಿಳಿ ನೀರನ್ನು ಕೈಯಲ್ಲಿ ಹಿಡಿದು ಇಬ್ಬರೂ ಫೋಟೋ ತೆಗೆಸಿಕೊಂಡರು. ಅತ್ತ ರಾಯಚೂರಿನಲ್ಲಿ ನನ್ನ ಕೈಗೆ ಬಂದ ವರದಿಯಲ್ಲಿ ನೀರು ಬಹಳ ಚೆನ್ನಾಗಿದೆ ಎಂದು ಬರೆದಿತ್ತು. ಸತ್ತವರ ಜಾತಕ ಓದುತ್ತಿದ್ದೇನೆಂದು ಗೊತ್ತಿಲ್ಲದೆ, ನಾನು ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು ಖುಷಿಪಟ್ಟೆ.

ಮರುದಿನ ಟ್ಯಾಂಕಿನ ಬಳಿ ಹೋದರೆ ಎರೆಮಣ್ಣಿನ ವಾಸನೆ ಇಲ್ಲ. ಈಜುಕೊಳದ ವಾಸನೆ. ಅದರ ಮಾರನೆಯ ದಿನ ಕೊಳೆತ ಮೊಟ್ಟೆಯ ವಾಸನೆ. ಸೂಕ್ಷ್ಮದರ್ಶಕದಲ್ಲಿ ಗಂಟೆಗಳೆಲ್ಲ ದಾರ ಹರಿದು ಬಿದ್ದಿದ್ದವು. ನನಗೆ ಅಳು ಬಂತು. ಹುಳಕ್ಕೆ ಅತ್ತಳು ಎಂದು ಯಾರಾದರೂ ನಗುವುದಾದರೆ ನಗಲಿ. ಮೇಲೆ ಥಳುಕು ಒಳಗೆ ಹುಳುಕು ಎಂದು ಗಾದೆಯಿದೆ. ನಮ್ಮಲ್ಲಿ ಒಳಗೆ ಹುಳ ಇದ್ದಷ್ಟು ದಿನ ಎಲ್ಲವೂ ಸರಿಯಾಗಿತ್ತು, ಕೆಟ್ಟದ್ದು ಥಳುಕಿನಿಂದಲೇ.

ಸಾವುಕಾರರ ಮುಂದೆ ಹೋಗಿ ನಿಂತೆ. "ಹುಳ ಸತ್ತಾವ್ರಿ. ಹೊಸದಾಗಿ ಬೆಳೆಸೋತನಕ ಹುಲ್ಲು ಹಾಕೋದು ನಿಲ್ಲಸ್ರಿ. ಕರಿ ನೀರು ಬಂದ್ರ ಇಡಾಕ ಜಾಗ ಇಲ್ಲ."

"ನಿಲ್ಲಸೋದಾ? ಗ್ಯಾಸಿಗೆ ಗಾಡಿ ಸಾಲು ಹಚ್ಚ್ಯಾವ ಮೇಡಂ. ನಿಲ್ಲಸಾಕ ಬರಂಗಿಲ್ಲ," ಎಂದರು. ವಿಭೂತಿ ಹಚ್ಚಿದ ಹಣೆ ತುಸುವೂ ಸುಕ್ಕಾಗಲಿಲ್ಲ. "ಎರಡ ದಿನ ವಾಲ್ವ್ ತೆಗೀರಿ. ಹಳ್ಳ ಅಂದ್ರ ಹರಿಯೋದು. ಹರಕೊಂಡು ಹೋಗ್ತದ."

"ಹಳ್ಳದಾಗ ಆ ಯವ್ವನ ಎಮ್ಮಿ ನೀರು ಕುಡೀತಾವ್ರಿ."

"ಎಮ್ಮೀಗೆ ಏನಾಗ್ತದ್ರಿ? ಅವು ಕೆಸರಾಗ ಬೀಳೋ ಜಾತಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಾನ್ವಿಯ ನಮ್ಮ ಓಣಿಗೆಲ್ಲ ಗೊತ್ತು. ತರಕಾರಿ ತೂಕದಲ್ಲಿ ಒಂದು ಬದನೆಕಾಯಿ ಕಡಿಮೆಯಾದರೆ ಸಂತೆಯೇ ನಿಂತು ನೋಡುವ ಹಾಗೆ ಜಗಳ ತೆಗೆಯುವವಳು ನಾನು. ಅಂಥವಳು ಅವತ್ತು ಏನು ಮಾಡಿದೆ? "ಎರಡೇ ದಿನ ನೋಡ್ರಿ ಮತ್ತ" ಎಂದೆ. ಭಾಯಿ ವಾಲ್ವಿನ ಚಕ್ರ ತಿರುಗಿಸಿದರು, ನಾನು ಪಕ್ಕದಲ್ಲಿ ನಿಂತು ನೋಡಿದೆ. ನೌಕರಿ ಹೋದರೆ ಹೊಲಸು ನೀರಿನವಳನ್ನು ಇನ್ನಾರು ಕರೆಯುತ್ತಾರೆ ಎಂಬ ಲೆಕ್ಕ ಒಳಗೆ ನಡೆದಿತ್ತು. ಅದನ್ನು ನಾನು ಬುದ್ಧಿವಂತಿಕೆ ಎಂದುಕೊಂಡಿದ್ದೆ.

ಯವ್ವನಿಗೆ ಹೇಳಬೇಕಲ್ಲ. ಹೋದೆ. ಆಕೆ ಎಮ್ಮೆಗಳಿಗೆ ಹಿಂಡಿ ಕಲಸುತ್ತಿದ್ದಳು. "ನಿನ್ನ ಹುಳದ್ದು ಊಟ ಆತೇನು?" ಎಂದಳು. ಬಾಯಿ ಬಿಟ್ಟರೆ ಬಣ್ಣಗೇಡು. ಬಾಯಿ ಬಿಟ್ಟೆ, ಆದರೆ ಬಂದದ್ದು ಬೇರೆಯೇ. "ಎರಡು ದಿನ ಎಮ್ಮಿ ಹಳ್ಳಕ್ಕ ಹೊಡೀಬ್ಯಾಡ ಯವ್ವಾ. ಪೈಪು ತೊಳ್ಯಾಕತ್ತೀವಿ. ನೀರು ಸ್ವಲ್ಪ ಕರ್ರಗ ಬರ್ತದ, ಬ್ಯಾರೆ ಏನಿಲ್ಲ."

"ಹೌದೇನು? ತೊಳೀರಿ, ತೊಳೀರಿ. ತೊಳದ್ರ ಛಲೋನ ಅಲ್ಲ."

ಆಕೆ ಎಮ್ಮೆಗಳನ್ನು ಹಳ್ಳಕ್ಕೆ ಬಿಡಲಿಲ್ಲ. ಹಾಗಾಗಿ ನಾನು ಜಾಣೆ, ಎಮ್ಮೆಯೂ ಉಳಿಯಿತು, ನೌಕರಿಯೂ ಉಳಿಯಿತು ಎಂದು ಬೆನ್ನು ತಟ್ಟಿಕೊಂಡೆ. ಆದರೆ ನನ್ನ ಪ್ರಯೋಗಶಾಲೆಯ ಕಿಟಕಿಗೆ ಆಕೆಯ ಬಾವಿ ಕಾಣುತ್ತದೆ. ಐದು ಎಮ್ಮೆ ಎಂದರೆ ಹುಡುಗಾಟಿಕೆಯಲ್ಲ. ಒಂದೊಂದು ಎಮ್ಮೆ ಮೂತಿ ಹಾಕಿದರೆ ಕೊಡ ಖಾಲಿ. ಮೊಣಕಾಲು ನೋವಿನ ಆ ಹೆಂಗಸು ರಾಟೆಗೆ ಹಗ್ಗ ಹಾಕಿ ಸೇದುವಳು, ಸುರಿಯುವಳು, ಸೊಂಟ ಹಿಡಿದು ನಿಲ್ಲುವಳು, ಮತ್ತೆ ಸೇದುವಳು. ರಾಟೆಗೆ ಎಣ್ಣೆ ಬಿಟ್ಟು ಯಾವ ಕಾಲವಾಗಿತ್ತೋ, ಒಂದೇ ಸಮನೆ ಕಿರುಗುಟ್ಟುತ್ತಿತ್ತು. ನಾನು ಕಿಟಕಿ ಹಾಕಿಕೊಂಡು ಕೆಲಸ ಮಾಡಿದೆ.

ಎರಡು ದಿನ ನಾಲ್ಕಾಯಿತು. ಕರಿ ನೀರು ಕಣ್ಣಿಗೆ ಹೊಡೆಯುತ್ತದೆಂದು ಸಾವುಕಾರರು ಬೋರ್‌ವೆಲ್ ನೀರು ಬೆರೆಸಿ ಬಿಡಿಸತೊಡಗಿದರು. ಹಳ್ಳದ ಬಣ್ಣ ತಿಳಿಯಾಯಿತು, ವಿಷ ಮಾತ್ರ ತನ್ನ ಪಾಡಿಗೆ ತಾನಿತ್ತು. ಇಷ್ಟು ರಸಾಯನಶಾಸ್ತ್ರ ಸಾವುಕಾರರಿಗೆ ಯಾವ ಕಾಲೇಜಿಗೆ ಹೋಗದೆಯೂ ಬರುತ್ತಿತ್ತು.

ಐದನೆಯ ದಿನ ಬೆಳಿಗ್ಗೆ ಯವ್ವ ಎಂದಿನಂತೆ ಹಾಲು ತಂದುಕೊಟ್ಟು ಬಾಗಿಲ ಬಳಿ ಸುಧಾರಿಸಿಕೊಳ್ಳುತ್ತಾ ಕೂತಿದ್ದಳು. ಚಹಾ ಬಂತು. ಸಾವುಕಾರರು ಕಪ್ಪಿನೊಳಗೆ ಒಮ್ಮೆ ಇಣುಕಿ ನೋಡಿ ದೂರ ಸರಿಸಿದರು. "ನನಗ ಹಾಲು ಬ್ಯಾಡ. ಇವತ್ತಿನಿಂದ ಕರಿ ಚಾ. ಆರೋಗ್ಯಕ್ಕ ಛಲೋ ಅಂತ ಡಾಕ್ಟ್ರು ಹೇಳ್ಯಾರ."

ಭಾಯಿ ಸಾವುಕಾರರ ಮುಖ ನೋಡಿದರು, ಕಪ್ಪು ನೋಡಿದರು. "ನನಗೂ ಬ್ಯಾಡ್ರಿ, ಪಿತ್ತ ಆಗ್ಯದ," ಎಂದರು.

ಎಮ್ಮೆ ಕೆಸರಲ್ಲಿ ಬೀಳುವ ಜಾತಿ, ಅದಕ್ಕೇನೂ ಆಗುವುದಿಲ್ಲ ಎಂದ ಮನುಷ್ಯ ಆ ಎಮ್ಮೆಯ ಹಾಲನ್ನು ಒಂದು ಗುಟುಕು ಕುಡಿಯಲು ತಯಾರಿಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು. ಎಮ್ಮೆ ನಾಲ್ಕು ದಿನದಿಂದ ಕುಡಿದದ್ದು ಬಾವಿಯ ನೀರು ಎಂಬುದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಅವರಿಗೆ ನಾಚಿಕೆಯಾಗಲಿ ಎಂದೇ ನನ್ನ ಕಪ್ಪನ್ನು ಎತ್ತಿ ಗಟಗಟ ಕುಡಿದೆ. ಆಮೇಲೆ ಸಾವುಕಾರರ ಕಪ್ಪನ್ನೂ ಎಳೆದುಕೊಂಡು ಕುಡಿದೆ. ಏನು ಶೌರ್ಯ, ಏನು ಶೌರ್ಯ! ನಾಲ್ಕು ದಿನ ಮುಚ್ಚಿದ್ದ ಬಾಯಿ ಕೊನೆಗೂ ತೆರೆದಿತ್ತು, ಚಹಾ ಕುಡಿಯಲು.

ಬಾಗಿಲಲ್ಲಿ ಕೂತಿದ್ದ ಯವ್ವ ಎಲ್ಲವನ್ನೂ ನೋಡುತ್ತಿದ್ದಳು. ಯಾರು ಕುಡಿದರು, ಯಾರು ಕುಡಿಯಲಿಲ್ಲ ಎಂದು ಹಾಲು ಹಾಕುವವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಸಾವುಕಾರರು ಎದ್ದು ಹೋದ ಮೇಲೆ ಹತ್ತಿರ ಬಂದು ಖಾಲಿ ಕ್ಯಾನು ಎತ್ತಿಕೊಂಡಳು.

"ಅವ್ರು ಹಾಲು ಬ್ಯಾಡ ಅಂದಾಗ ನನ್ನ ಜೀವಾ ಹಾರಿತ್ತು ನೋಡು. ನೀರಿನಾಗ ಏನೋ ಅದ ಅಂದ್ಕೊಂಡೆ. ನೀನು ಎರಡು ಕಪ್ಪು ಕುಡದಿ ಅಲ್ಲ, ಸಾಕು ನನಗ," ಎಂದು ನನ್ನ ತೋಳು ಮುಟ್ಟಿ ಹೊರಟಳು.

ಆಕೆ ಏನು ಹೇಳಿ ಹೋದಳೆಂದು ನನ್ನ ತಲೆಗೆ ಹೊಕ್ಕಿದ್ದು ನಾನು ಕಿಟಕಿ ತೆರೆದ ಮೇಲೆ. ರಾಟೆಯ ಸದ್ದಿರಲಿಲ್ಲ. ಯವ್ವ ಎಮ್ಮೆಗಳ ಹಗ್ಗ ಬಿಚ್ಚುತ್ತಿದ್ದಳು.

ಸೀರೆ ಎತ್ತಿ ಕಟ್ಟಿಕೊಂಡು ಓಡಿದೆ. ಗೇಟು, ಗೋಡೆಯ ಬದಿ, ಜಾಲಿಕಂಟಿ, ಎಲ್ಲ ದಾಟಿ ಹಳ್ಳಕ್ಕೆ ಇಳಿಯುವಷ್ಟರಲ್ಲಿ ಮುಂದಿನ ಎಮ್ಮೆ ನೀರಿನ ಅಂಚಿಗೆ ಹೋಗಿ ಮೂತಿ ಬಗ್ಗಿಸಿತ್ತು. "ತಿರುಗಸು ಯವ್ವಾ! ಕುಡೀಗೊಡಬ್ಯಾಡ! ತಿರುಗಸು!" ಎಂದು ಕಿರುಚಿದೆ. ಆಕೆ ಯಾಕೆ ಏನು ಎಂದು ಕೇಳಲಿಲ್ಲ. ಕೋಲು ಬೀಸಿ ಹೋ ಹೋ ಎಂದು ಐದನ್ನೂ ದಂಡೆಗೆ ಹತ್ತಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹುಳ ಸತ್ತಾವು ಯವ್ವಾ," ಎಂದೆ. ಏದುಸಿರಿನಲ್ಲಿ ಮಾತು ತುಂಡುತುಂಡಾಗಿ ಬಂತು. "ಬಿಳಿ ಪುಡಿ ಸುರಿದು ನಾವ ಕೊಂದೀವಿ. ಕರಿ ನೀರು ಹಂಗಾ ಬಿಟ್ಟೀವಿ. ಪೈಪು ತೊಳದದ್ದು ಸುಳ್ಳು. ಚಾ ಕುಡದೆ ಯಾಕಂದ್ರ ನಿನ್ನ ಎಮ್ಮಿ ಬಾವಿ ನೀರು ಕುಡದಾವ ಅಂತ ಗೊತ್ತಿತ್ತು."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದು ಆಸೆಪಟ್ಟೆ ಕೂಡ. ಆಕೆ ಎರಡೂ ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದಳು. ಹಗ್ಗ ಜಾರಿದ ಗುರುತು ಕೆಂಪಗೆ, ಅಲ್ಲಲ್ಲಿ ಚರ್ಮ ಕಿತ್ತಿತ್ತು.

"ನಾಕು ದಿನ ಸೇದೀನಿ. ನೀರು ಕೆಟ್ಟದ ಅಂತ ಖರೇ ಹೇಳಿದ್ರೂ ಇಷ್ಟ ಸೇದ್ತಿದ್ದೆ. ಒಂದು ಕೊಡ ಹೆಚ್ಚಿಲ್ಲ, ಒಂದು ಕೊಡ ಕಡಿಮಿಲ್ಲ. ಮತ್ತ ಸುಳ್ಳು ಯಾಕ ಹೇಳ್ದಿ ತಂಗಿ?"

ನಾನು ಬಂದ ದಾರಿಯಲ್ಲೇ ತಿರುಗಿ ಓಡಿದೆ.

ವಾಪಸು ಬಂದವಳೇ ವಾಲ್ವಿನ ಚಕ್ರ ಹಿಡಿದು ನಾನೇ ತಿರುಗಿಸಿ ಮುಚ್ಚಿದೆ, ಅದರ ಮೇಲೇ ಕೂತೆ. ಸಾವುಕಾರರು ಓಡಿ ಬಂದರು. "ಏನ್ ಮಾಡಾಕತ್ತೀರಿ ಮೇಡಂ? ಟ್ಯಾಂಕು ತುಂಬಿ ಹರೀತದ!"

"ಹರೀಲಿ. ಹರಿಯೋದ ಅಲ್ಲೇನ್ರಿ ನೀರಿನ ಗುಣ?"

ಹರಿಯಿತು. ಬಿಳಿ ಗೆರೆಗಳನ್ನು ಅಳಿಸುತ್ತಾ ಅಂಗಳಕ್ಕೆ ಬಂತು, ಅವರ ಕಾರಿನ ಟೈರು ಮುಟ್ಟಿತು, ಆಫೀಸಿನ ಹೊಸಿಲ ಮೇಲಿನ ರಂಗೋಲಿಯನ್ನು ನುಂಗಿತು. ನಿಲ್ಲಿಸಲು ಬರುವುದೇ ಇಲ್ಲ ಎಂದಿದ್ದ ಹುಲ್ಲಿನ ಯಂತ್ರ ಅರ್ಧ ತಾಸಿನಲ್ಲಿ ನಿಂತಿತು. ನನ್ನನ್ನು ಕೆಲಸದಿಂದ ತೆಗೆಯುತ್ತೇನೆಂದು ಸಾವುಕಾರರು ಮೂರು ದಿನ ಕೂಗಾಡಿದರು. ಆಮೇಲೆ ಹೊಸದಾಗಿ ಹುಳ ಬೆಳೆಸಲು ಬೇರೆ ಯಾರಿಗೂ ಬರುವುದಿಲ್ಲ ಎಂದು ನೆನಪಾಗಿ ಸುಮ್ಮನಾದರು. ಹುಳಕ್ಕೂ ನನಗೂ ಅವರು ಕೊಟ್ಟ ಗೌರವ ಅಲ್ಲಿಗೆ ಒಂದೇ ಆಯಿತು.

ಹುಳ ಬೆಳೆಸಲು ಹಸಿ ಸೆಗಣಿ ಬೇಕು. ನಾಚಿಕೆ ಬಿಟ್ಟು ಯವ್ವನ ಮನೆಗೇ ಹೋದೆ. ಆಕೆ ಬುಟ್ಟಿ ತುಂಬಿಸಿ ಕೊಟ್ಟಳು. "ಒಯ್ಯಿ. ಅವು ಏನ್ ಪಾಪ ಮಾಡ್ಯಾವ," ಎಂದಳು. ದಿನಾ ಕೊಟ್ಟಳು, ಸಾಕು ಎನ್ನುವವರೆಗೆ ಕೊಟ್ಟಳು. ಬೆಲ್ಲದ ನೀರು, ಒಂದು ಕೊಡ, ಎರಡು ಕೊಡ, ಮತ್ತೆ ಮೊದಲಿನಿಂದ. ಒಂದು ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ಒಂದೇ ಒಂದು ಗಂಟೆ ದಾರದ ತುದಿಯಲ್ಲಿ ಅಲುಗಾಡಿತು. ಭಾಯಿಯನ್ನು ಕರೆದು ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, "ಜಿಂದಾ ಅದ" ಎಂದು ಕಣ್ಣೊರೆಸಿಕೊಂಡರು.

ಈಗ ನೀರು ನಿಜವಾಗಿಯೂ ಚೆನ್ನಾಗಿದೆ. ರಾಯಚೂರಿನ ವರದಿಯೂ ಹಾಗೆಯೇ ಹೇಳುತ್ತದೆ. ಮೂರನೆಯ ಟ್ಯಾಂಕಿನ ತಳದ ಕಲ್ಲು ಎಣಿಸಬಹುದು. ಅದನ್ನು ಹೇಳಲು ಹೋದಾಗ ಯವ್ವ, "ಇದ್ದೀತು ತಂಗಿ" ಎಂದಳು, ಅಷ್ಟೇ. ನನ್ನ ಊಟ ಆಯಿತೇ ಎಂದು ಈಗಲೂ ಕೇಳುತ್ತಾಳೆ, ಹುಳದ್ದು ಕೇಳುವುದಿಲ್ಲ. ಆಕೆಯ ಹಾಲು ಈಗ ಮಾನ್ವಿಯ ಹೋಟೆಲಿಗೆ ಹೋಗುತ್ತದೆ. ನಾವೆಲ್ಲರೂ ಕರಿ ಚಹಾಕ್ಕೆ ರೂಢಿಯಾಗಿದ್ದೇವೆ. ಬಂದವರಿಗೆ ಸಾವುಕಾರರು ಅದರ ಆರೋಗ್ಯದ ಗುಣಗಳನ್ನು ವಿವರಿಸುತ್ತಾರೆ.

ಗೋಡೆಯಾಚೆ ಹಳ್ಳದಲ್ಲಿ ತಿಳಿ ನೀರು ಹರಿಯುತ್ತದೆ. ಅದರ ದಂಡೆಯಲ್ಲೇ ನಿಂತು ಆಕೆ ಐದು ಎಮ್ಮೆಗೆ ಬಾವಿಯಿಂದ ಸೇದುತ್ತಾಳೆ. ರಾಟೆಗೆ ಎಣ್ಣೆ ಬಿಟ್ಟು ಬಂದಿದ್ದೇನೆ, ಆದರೂ ಕಿರುಗುಟ್ಟುತ್ತದೆ. ನಾನು ಕಿಟಕಿ ತೆರೆದೇ ಇಡುತ್ತೇನೆ.